ಮಂಗಲಕ್ಕೆ ಮುಂಚೆ

ಮೂರನೆಯ ಸಲವೂ ಯಂತ್ರ ಅಲ್ಲಿಗೇ ಬಂದು ನಿಂತಿತು. ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ಓಡಿದವು, ಹೊಸ ಹಾರ್ಡ್ ಡಿಸ್ಕನ್ನು ಗುರುತಿಸುವ ಸಾಲು ಬಂತು, ಆ ಸಾಲಿನ ತುದಿಯಲ್ಲಿ ಮಿನುಗುತ್ತಿದ್ದ ಸಣ್ಣ ಗೆರೆ ಮಿನುಗುವುದನ್ನೂ ಬಿಟ್ಟಿತು. ದಶರಥ ಮನಸ್ಸಿನಲ್ಲೇ ನೂರು ಎಣಿಸಿದ. ಆಮೇಲೆ ಪೆಟ್ಟಿಗೆಯ ಹಿಂದೆ ಕೈ ಹಾಕಿ ಸ್ವಿಚ್ಚು ಆರಿಸಿದ.

"ಏನಂತದೋ?" ಎಂದು ಕೇಳಿದ ಪ್ರೆಸ್ಸಿನ ಮಾಲೀಕ ದೊಡ್ಡಪ್ಪ. ಬೆಳಗಿನಿಂದ ಅವನು ಕಟಿಂಗ್ ಮಷೀನಿನ ಮೇಲೆ ಮೊಣಕೈ ಊರಿ ಅಲ್ಲೇ ನಿಂತಿದ್ದ.

"ಏನೂ ಅನ್ನವಲ್ದರಿ. ಹೊಸಾದರ ಮಾರಿ ನೋಡೂದೇ ತಡ, ಮಾತ ನಿಂತುಬಿಡ್ತದ."

"ಸೊಲ್ಲಾಪುರದ ಅಂಗಡಿಯಂವ ಏನ್ ಹೇಳಿದ ಗೊತ್ತದನು? ಇಡೀ ಆಳಂದ ಪ್ಯಾಟಿ ಇದರೊಳಗ ತುಂಬಿದ್ರೂ ಜಾಗಾ ಉಳಿತದ ಅಂದ. ಇಲ್ಲಿ ಒಂದು ಲಗ್ನಪತ್ರಿಕಾ ಹಿಡಿವಲ್ದು."

ದಶರಥ ನಗಲಿಲ್ಲ. ಅವನಿಗೆ ನಗುವಷ್ಟು ತ್ರಾಣವಿರಲಿಲ್ಲ. ಜೇವರ್ಗಿಯವನಾದ ಅವನು ಮೂರು ತಾಲ್ಲೂಕುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆಯುತ್ತಿದ್ದ. ನಿನ್ನೆ ಅಫಜಲಪುರದಿಂದ ಬರುವಾಗ ಚೌಡಾಪುರದ ಹತ್ತಿರ ಬಸ್ಸು ಕೆಟ್ಟು ನಿಂತು, ತೊಗರಿ ಕಟ್ಟಿಗೆ ಹೇರಿದ ಟ್ರ್ಯಾಕ್ಟರಿನ ಹಿಂದೆ ನಿಂತುಕೊಂಡು ಹನ್ನೆರಡು ಮೈಲಿ ಬಂದಿದ್ದ. ಕಣ್ಣಿನಲ್ಲಿ ಇನ್ನೂ ಆ ಧೂಳೇ ಇದ್ದಂತಿತ್ತು. ಚೀಲದಿಂದ ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದು, ಮಾಡಲು ಬೇರೇನೂ ತೋಚದೆ, ಪೆಟ್ಟಿಗೆಯೊಳಗಿನ ಕಸ ಗುಡಿಸತೊಡಗಿದ.

ಕಂಪ್ಯೂಟರಿನ ಎದುರಿನ ಕುರ್ಚಿಯಲ್ಲಿ ಪ್ರೆಸ್ಸಿನ ಆಪರೇಟರ್ ಗೌಸಿಯಾಬೇಗಂ ಕುಳಿತಿದ್ದಳು. ಯಂತ್ರದ ಹೊಟ್ಟೆ ಬಿಚ್ಚಿದ್ದರೂ ಅವಳು ತನ್ನ ಜಾಗ ಬಿಟ್ಟು ಎದ್ದಿರಲಿಲ್ಲ. ಎಳ್ಳಮಾಸಿ ಹಬ್ಬ ಮುಗಿದು ಮೂರು ವಾರವಾಗಿತ್ತು, ರಮಜಾನಿನ ರೋಜಾ ಉಪವಾಸ ನಡೆದಿತ್ತು. ದೊಡ್ಡಪ್ಪ ಮರೆತು ಎರಡು ಸಲ ಅವಳಿಗೂ ಚಹಾ ಹೇಳಿ ಕಳಿಸಿದ್ದ. ಎರಡೂ ಕಪ್ಪುಗಳನ್ನು ದಶರಥನೇ ಕುಡಿದಿದ್ದ.

ಹಳೆಯ ಡಿಸ್ಕು ಮೇಜಿನ ಮೇಲೆ ಒಂದು ಕರವಸ್ತ್ರದ ಮೇಲಿತ್ತು. ಕರವಸ್ತ್ರ ಅವಳದು. ಹದಿನೈದು ದಿನಗಳಿಂದ ಆ ಡಿಸ್ಕು ಟಕ್ ಟಕ್ ಎನ್ನುತ್ತಿತ್ತು. ಅದರ ಅಳತೆಯದು ಇನ್ನೊಂದು ಸಿಕ್ಕಿದ್ದರೆ ಕೆಲಸ ಅರ್ಧ ತಾಸಿನದು. ಆದರೆ ಅಷ್ಟು ಸಣ್ಣ ಡಿಸ್ಕುಗಳು ಕಲಬುರ್ಗಿಯಲ್ಲೂ ಇರಲಿಲ್ಲ, ಸೊಲ್ಲಾಪುರದಲ್ಲೂ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕ ಎಲ್ಲಕ್ಕಿಂತ ಸಣ್ಣದೇ ಈ ನಾಲ್ಕು ಜಿಬಿಯದು, ಹಳೆಯದರ ಹತ್ತು ಪಟ್ಟು. ಹೊಸ ಕಂಪ್ಯೂಟರನ್ನೇ ತಂದುಬಿಡೋಣವೆಂದರೆ ಇವರ ಕನ್ನಡದ ಸಾಫ್ಟ್‌ವೇರು ಅದರಲ್ಲಿ ಏಳುತ್ತಿರಲಿಲ್ಲ. ಅದಕ್ಕೆ ಈ ಹಳೆಯ ಡಾಸೇ ಬೇಕು, ಹಳೆಯ ವಿಂಡೋಸೇ ಬೇಕು. ಅದನ್ನು ಮಾಡಿಕೊಟ್ಟ ಪುಣೆಯ ಸಣ್ಣ ಕಂಪನಿ ಬಾಗಿಲು ಹಾಕಿ ಮೂರು ವರ್ಷವಾಗಿತ್ತು.

ದಶರಥ ಎದ್ದು ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಕಲಬುರ್ಗಿಯ ಭಗವಂತನಿಗೆ ಫೋನು ಹಚ್ಚಿದ. ಭಗವಂತ ಅವನಿಗೆ ಈ ಕೆಲಸ ಕಲಿಸಿದವನು. ಎಲ್ಲ ಕೇಳಿಸಿಕೊಂಡು ಆಚೆಯಿಂದ ಅವನು ಒಂದು ಆಕಳಿಕೆ ತೆಗೆದ. ಹಳೆಯ ಯಂತ್ರಕ್ಕೆ ಅಷ್ಟು ದೊಡ್ಡ ಅಂಕಿ ಓದಲಿಕ್ಕೆ ಬರುವುದಿಲ್ಲ, ಓದಲಿಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ ಎಂದ. ಡಿಸ್ಕಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಒಂದು ಕ್ಲಿಪ್ಪಿರುತ್ತದೆ, ಅದನ್ನು ಕಿತ್ತು ಬದಿಯ ಜೋಡಿ ಮೊಳೆಗಳಿಗೆ ಹಾಕು ಎಂದ.

"ಯಂತ್ರಕ್ಕ ಬುದ್ಧಿ ಹೇಳಾಕ ಹೋಗಬ್ಯಾಡ. ಡಿಸ್ಕಿಗೇ ಹೇಳು, ಜರಾ ಸಣ್ಣಾಗಿ ಕುಂಡ್ರಪಾ ಅಂತ."

ಕ್ಲಿಪ್ಪು ಕೀಳುವಾಗ ದಶರಥನ ಬೆರಳಿನಿಂದ ಜಾರಿ ಅದು ನೆಲಕ್ಕೆ ಬಿತ್ತು. ಕಾಗದದ ಚೂರುಗಳ ನಡುವೆ ಮೂವರೂ ಬಗ್ಗಿ ಹುಡುಕಿದರು. ಗೌಸಿಯಾಬೇಗಂಗೇ ಸಿಕ್ಕಿತು. ಸೀಸದ ಅಚ್ಚುಮೊಳೆ ಹೆಕ್ಕಿದ ಕೈ ಅದು. ಕಂಪ್ಯೂಟರು ಬರುವ ಮೊದಲು ಹದಿನಾರು ವರ್ಷ ಅವಳು ಇದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕಂಪಾಜಿಟರ್ ಆಗಿದ್ದಳು. ದಶರಥ ಕ್ಲಿಪ್ಪು ಹಾಕಿ ಸ್ವಿಚ್ಚು ಒತ್ತಿದ. ಅಂಕಿಗಳು ಓಡಿದವು. ಗೆರೆ ನಿಲ್ಲಲಿಲ್ಲ. ಡಿಸ್ಕಿನ ಹೆಸರು ಬಂತು, ಅದರ ಮುಂದೆ ಅಳತೆ ಬಂತು. ಐದುನೂರಾ ನಾಲ್ಕು ಎಂಬಿ.

"ನಾಲ್ಕು ಸಾವಿರಾ ಅಲ್ಲೇನೋ ಅದು?" ಎಂದ ದೊಡ್ಡಪ್ಪ, ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿ.

ಇಡೀ ಡಿಸ್ಕು ಕಾಣಬೇಕಾದರೆ ಇನ್ನೊಂದು ಸಾಫ್ಟ್‌ವೇರು ಹಾಕಬೇಕು, ಅದು ಭಗವಂತನ ಹತ್ತಿರ ಫ್ಲಾಪಿಯಲ್ಲಿದೆ, ಸೋಮವಾರ ತರುತ್ತೇನೆ, ಆಗಲೂ ಈ ಡಾಸು ಒಂದೇ ಉಸಿರಿಗೆ ನಾಲ್ಕು ಜಿಬಿ ನುಂಗುವುದಿಲ್ಲ, ಎರಡು ಪಾಲು ಮಾಡಿ ಕೊಡಬೇಕು ಎಂದು ದಶರಥ ವಿವರಿಸಿದ. ಆದರೆ ಆ ಸಾಫ್ಟ್‌ವೇರು ಹಾಕುವಾಗ ಇವತ್ತು ಇದರೊಳಗೆ ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೊಮ್ಮೆ ಹಳೆಯದರಿಂದ ತುಂಬಬೇಕಾಗುತ್ತದೆ.

"ಹಂಗಾದ್ರ ಸೋಮವಾರನೇ ಮಾಡು. ಒಂದೇ ಹೊಲಾ ಎರಡು ಸಲ ಯಾಕ ಬಿತ್ತೂದು?"

ಗೌಸಿಯಾಬೇಗಂ ಆಗ ಬಾಯಿ ತೆರೆದಳು. "ಸೋಮವಾರ ಹಳೀದು ಏಳ್ತದಾ, ದಶರಥಣ್ಣ?"

ದಶರಥ ಕರವಸ್ತ್ರದ ಮೇಲಿನ ಡಿಸ್ಕನ್ನು ನೋಡಿದ. "ಇವತ್ತ ಏಳ್ತದ ಅನ್ನೂದೂ ನಾ ಹೇಳಂಗಿಲ್ಲಕ್ಕ."

ಲಗ್ನಪತ್ರಿಕೆಗಳ ನಮೂನೆ, ಸಂಘಗಳ ಲೆಟರ್‌ಹೆಡ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಇವು ಹೋದರೆ ಇನ್ನೊಮ್ಮೆ ಮಾಡಿಕೊಳ್ಳಬಹುದಿತ್ತು. ಆ ಡಿಸ್ಕಿನಲ್ಲಿ ಇನ್ನೊಮ್ಮೆ ಮಾಡಿಕೊಳ್ಳಲಾಗದ್ದು ಒಂದೇ ಒಂದಿತ್ತು. ಅದು ಜಗದೇವಪ್ಪ ಮಾಸ್ತರರು ಹಾಡುತ್ತಿದ್ದ ತತ್ವಪದಗಳು.

ಮಾಸ್ತರರು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವರು. ಅವರ ಗುರುವಿನ ಗುರುವಿನಿಂದ ಬಂದ ಇನ್ನೂರಕ್ಕೂ ಹೆಚ್ಚು ಪದಗಳು ಅವರ ಬಾಯಲ್ಲಿದ್ದವು. ಕಿವಿಯಿಂದ ಬಾಯಿಗೆ, ಬಾಯಿಂದ ಕಿವಿಗೆ ದಾಟಿ ಬಂದ ಅವನ್ನು ಯಾರೂ ಬರೆದಿಟ್ಟಿರಲಿಲ್ಲ, ಬರೆಯುವ ರೂಢಿ ಅವರ ಗುರುಮಠದಲ್ಲಿರಲಿಲ್ಲ. ಕಲಿಯಲು ಶಿಷ್ಯರು ಬರುವುದು ನಿಂತು ಇಪ್ಪತ್ತು ವರ್ಷವಾದ ಮೇಲೆ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅಚ್ಚು ಹಾಕಿಸಲು ಅವರೇ ಒಪ್ಪಿದರು. ದೊಡ್ಡಪ್ಪ ಅದನ್ನು ಸೇವೆಯೆಂದು ತಲೆಯ ಮೇಲೆ ಹೊತ್ತುಕೊಂಡ. ಪ್ರತಿ ಗುರುವಾರ ಮಾಸ್ತರರು ಬಸ್ಸಿಳಿದು ಬಂದು, ಗೌಸಿಯಾಬೇಗಂಳ ಬದಿಯ ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವಳು ಕೇಳುತ್ತ ಒತ್ತುತ್ತಿದ್ದಳು. ಮೊದಲನೆಯ ದಿನವೇ ಅವರು ಎರಡು ಕಟ್ಟಳೆ ಹಾಕಿದ್ದರು. ಪುರಾಣ ಹಚ್ಚಿದ ಮೇಲೆ ಹೇಗೆ ಮಂಗಲವಾಗುವ ತನಕ ನಡುವೆ ಮುರಿಯಬಾರದೋ ಹಾಗೇ ಇದನ್ನೂ ಮುರಿಯಬಾರದು. ಕೊನೆಯ ಮಂಗಲದ ಪದ ಹಾಡುವ ತನಕ ಒಂದು ಸಾಲೂ ಕಾಗದಕ್ಕೆ ಇಳಿಯಬಾರದು.

ಗೌಸಿಯಾಬೇಗಂ ಅದನ್ನು ಅಕ್ಷರಶಃ ನಡೆಸಿದಳು. ಬೇರೆ ಯಾವ ಆಪರೇಟರ್ ಆದರೂ ಹತ್ತು ಪದಕ್ಕೊಂದು ಫೈಲು ಮಾಡುತ್ತಿದ್ದ, ಪ್ರೂಫು ತೆಗೆಯುತ್ತಿದ್ದ. ಅವಳು ಮಾಡಲಿಲ್ಲ. ಎರಡು ವರ್ಷ, ಇನ್ನೂರ ಹದಿನಾಲ್ಕು ಪದ, ಪದಕ್ಕೊಂದು ಪುಟ, ಪ್ರತಿ ಪುಟಕ್ಕೆ ಮಾಸ್ತರರು ಇಷ್ಟಪಟ್ಟ ಬಳ್ಳಿಯ ಅಂಚು, ಎಲ್ಲ ಒಂದೇ ಫೈಲು. ಅದು ಬೆಳೆದೂ ಬೆಳೆದೂ ಯಾವ ಫ್ಲಾಪಿಗೂ ಹಿಡಿಯದಂತಾಗಿತ್ತು. ಹೋದ ಶ್ರಾವಣದ ಕೊನೆಯ ಗುರುವಾರ ಇನ್ನೂರ ಹದಿನಾಲ್ಕನೆಯದು ಮುಗಿಸಿ, ಉಳಿದದ್ದು ಮಂಗಲ ಒಂದೇ, ಬರುವ ವಾರ ಹಾಡಿಬಿಡೋಣ ತಾಯಿ ಎಂದು ಹೇಳಿ ಹೋದವರಿಗೆ ಎರಡು ದಿನದಲ್ಲಿ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ನಾಲಿಗೆಯೂ ಬಿತ್ತು.

"ಮೊದಲ ಅದನ್ನ ತಗಿ," ಎಂದ ದೊಡ್ಡಪ್ಪ. "ಸೋಮವಾರದ್ದು ಸೋಮವಾರ ನೋಡೋಣು."

ಒಂದು ಗಂಟೆಗೆ ಕರೆಂಟು ಹೋಗುತ್ತಿತ್ತು. ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ದಶರಥ ಹಳೆಯ ಡಿಸ್ಕನ್ನು ಕರವಸ್ತ್ರದ ಸಮೇತ ಎತ್ತಿ ತಂತಿಗೆ ಜೋಡಿಸಿದ. ಮೊದಲ ಸಲ ಅದು ತಿರುಗಲಿಲ್ಲ. ಅವನು ಅದನ್ನು ಅಂಗೈಯಲ್ಲಿ ಹಿಡಿದು, ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯುವವರಂತೆ ಒಮ್ಮೆ ಪಟ್ಟನೆ ತಿರುವಿದ. ಒಳಗೆ ಏನೋ ಬಿಟ್ಟಿತು, ತಿರುಗಿತು. ಟಕ್ ಟಕ್ ಸದ್ದಿನ ನಡುವೆ ಯಂತ್ರ ಎರಡನ್ನೂ ಕಂಡಿತು.

ಡಾಸಿನಲ್ಲಿ ನಕಲು ಮಾಡಲು ಹೇಳಿದ. ಹತ್ತು ನಿಮಿಷ ಓಡಿ, ಓದಲು ಬರುತ್ತಿಲ್ಲ ಎಂದಿತು. ಮತ್ತೆ ಹೇಳಿದ. ಮತ್ತೆ ಅಷ್ಟೇ. ಫೈಲಿನೊಳಗೆ ಎಲ್ಲೋ ಒಂದು ಕಡೆ ಡಿಸ್ಕು ಹುಳುಕಾಗಿತ್ತು. ಆ ಒಂದು ಚೂರು ಓದಲಾಗದ್ದಕ್ಕೆ ಡಾಸು ಅದುವರೆಗೆ ನಕಲಾದದ್ದನ್ನೂ ಒರೆಸಿಹಾಕುತ್ತಿತ್ತು. ಎರಡು ಪ್ರಯತ್ನಕ್ಕೆ ಇಪ್ಪತ್ತೈದು ನಿಮಿಷ ಹೋಯಿತು.

ದಶರಥ ಕುತ್ತಿಗೆ ಉಜ್ಜಿಕೊಂಡ. ದಾರಿಯೊಂದಿತ್ತು. ಕನ್ನಡದ ಸಾಫ್ಟ್‌ವೇರಿನಲ್ಲೇ ಫೈಲು ತೆರೆದರೆ ಅದು ಪುಟ ಪುಟವಾಗಿ ಓದುತ್ತದೆ. ಹತ್ತು ಹತ್ತು ಪುಟ ಬೇರ್ಪಡಿಸಿ, ಬೇರೆ ಬೇರೆ ಹೆಸರು ಕೊಟ್ಟು, ಹೊಸ ಡಿಸ್ಕಿನಲ್ಲಿ ಇಡುತ್ತ ಹೋದರೆ ಹುಳುಕು ಸಿಗುವ ತನಕವಾದರೂ ಉಳಿಯುತ್ತದೆ. ಪ್ರಿಂಟೇ ತೆಗೆದುಬಿಡಿ ಎಂದು ದೊಡ್ಡಪ್ಪ ಹೇಳಿದ್ದಕ್ಕೆ, ಒಂದು ಪುಟಕ್ಕೆ ಮೂರು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ಕರೆಂಟು ಇರುವುದಿಲ್ಲ ಎಂದ ದಶರಥ.

"ತುಂಡ ಮಾಡಬೇಕಕ್ಕ," ಎಂದ ಗೌಸಿಯಾಬೇಗಂಗೆ.

ಅವಳು ಕೀಬೋರ್ಡಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಮಾಸ್ತರ್ರು ಏನ್ ಹೇಳ್ಯಾರ, ನಿಮಗ ಗೊತ್ತದ."

"ಗೊತ್ತದ."

"ಮಂಗಲ ಆಗಿಲ್ಲ."

"ಮಂಗಲ ಹಾಡೋರ ಬಾಯೇ ಬಿದ್ದದಲ್ಲಕ್ಕ."

ಅಂದ ಮೇಲೆ ಅವನಿಗೆ ಅನ್ನಬಾರದಿತ್ತು ಎನಿಸಿತು. ಅವಳು ಒಣಗಿದ ತುಟಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದಳು. ಪೆಟ್ಟಿಗೆಯೊಳಗೆ ಡಿಸ್ಕು ಟಕ್ ಎಂದಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಎಂದಿತು. ದೊಡ್ಡಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಅವನು ಬಂದು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ.

"ಪ್ರೆಸ್ ನಂದದ. ಮುರದ ಪಾಪನೂ ನಂದೇ ಇರ್ಲಿ. ನೀ ಮಾಡಮ್ಮ."

"ಹೇಳಿಸ್ಕೊಂಡಾಕಿ ನಾ, ಸಾವ್ಕಾರ್ರ. ಪಾಪ ಹಂಗ ಮಂದಿಗಿ ಹಂಚಾಕ ಬರಂಗಿಲ್ಲ."

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಬದಿಯ ಖಾಲಿ ಸ್ಟೂಲಿನ ಕಡೆ ತಿರುಗಿ, "ಮಾಫ್ ಮಾಡ್ರಿ ಅಜ್ಜಾ," ಎಂದು ಅಷ್ಟು ಸಣ್ಣ ದನಿಯಲ್ಲಿ ಹೇಳಿದಳೆಂದರೆ ದಶರಥನಿಗೆ ಅದು ಕೇಳಿದ್ದಕ್ಕಿಂತ ಕಂಡದ್ದೇ ಹೆಚ್ಚು. ಆಮೇಲೆ ಕೈ ಮೇಲೆ ತಂದು ಕೆಲಸ ಶುರು ಮಾಡಿದಳು.

ಮೊದಲ ಹತ್ತು ಬಂದವು. ಎರಡನೆಯ ಹತ್ತು ಬಂದವು. ಪ್ರತಿ ಸಲ ಪುಟ ತೆರೆಯುವಾಗ ಯಂತ್ರ ಯೋಚಿಸುತ್ತ ನಿಲ್ಲುತ್ತಿತ್ತು, ಅವಳ ಬೆರಳೂ ನಿಲ್ಲುತ್ತಿತ್ತು. ಬಳ್ಳಿಯ ಅಂಚು ಮೊದಲು ಮೂಡಿ, ಆಮೇಲೆ ಅದರ ನಡುವೆ ಸಾಲುಗಳು ಒಂದೊಂದಾಗಿ ಇಳಿಯುತ್ತಿದ್ದವು. ದಶರಥ ಮಾಸ್ತರರು ಕುಳಿತುಕೊಳ್ಳುತ್ತಿದ್ದ ಸ್ಟೂಲಿನಲ್ಲಿ ಕುಳಿತುಕೊಳ್ಳದೆ ನಿಂತೇ ಇದ್ದ. ಒಮ್ಮೆ ಗೋಡೆಗೆ ಒರಗಿದ. ಜೇವರ್ಗಿಯಲ್ಲಿ ಹೆಂಡತಿ ಹೀರಾಬಾಯಿ ಮನೆಗೆ ಹಿಟ್ಟು ತರಲು ಹೇಳಿ ನಾಲ್ಕು ದಿನವಾಗಿತ್ತು, ನಾಲ್ಕು ದಿನದಿಂದ ಅವನು ಮನೆಗೇ ಹೋಗಿರಲಿಲ್ಲ. ದೊಡ್ಡಪ್ಪ ಪ್ರತಿ ಹತ್ತಕ್ಕೆ ಒಮ್ಮೆ ಎಣಿಕೆ ಹೇಳುತ್ತಿದ್ದ. ತೊಂಬತ್ತಾದಾಗ ಅವನ ದನಿಯಲ್ಲಿ ಸ್ವಲ್ಪ ಜೀವ ಬಂತು. ನೂರಾ ಇಪ್ಪತ್ಮೂರನೆಯ ಪದದಲ್ಲಿ ಹುಳುಕು ಸಿಕ್ಕಿತು. ಪುಟ ತೆರೆಯಲಿಲ್ಲ. ಅದೊಂದನ್ನು ಬಿಟ್ಟು ಮುಂದಿನದಕ್ಕೆ ಹಾರಿ ನೋಡಿರೆಂದು ದಶರಥ ಹೇಳಿದ, ಹಾರಿದಾಗ ತೆರೆಯಿತು. ಒಂದೇ ಹೋಯಿತಲ್ಲ ಎಂದು ದೊಡ್ಡಪ್ಪ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ.

ನೂರಾ ಎಪ್ಪತ್ತು ಮುಗಿದಿತ್ತು. ನೂರಾ ಎಪ್ಪತ್ತೊಂದರ ಬಳ್ಳಿ ಪರದೆಯ ಮೇಲೆ ಮೂಡಿತ್ತು, ಸಾಲುಗಳು ಇನ್ನೂ ಇಳಿದಿರಲಿಲ್ಲ. ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ಅವತ್ತು ಕರೆಂಟು ಇಪ್ಪತ್ತು ನಿಮಿಷ ಮೊದಲೇ ಹೋಯಿತು.

ಪರದೆ ಒಳಕ್ಕೆ ಸೆಳೆದುಕೊಂಡು ಒಂದು ಚುಕ್ಕೆಯಾಗಿ ಆರಿತು. ಫ್ಯಾನು ನಿಧಾನವಾಯಿತು. ಪೆಟ್ಟಿಗೆಯೊಳಗೆ ಹಳೆಯ ಡಿಸ್ಕು ಇಳಿಯುತ್ತ ಇಳಿಯುತ್ತ ಕಲ್ಲಿನ ಮೇಲೆ ತಗಡು ಎಳೆದಂತೆ ಒಂದು ಸದ್ದು ಮಾಡಿ ನಿಂತಿತು. ದಶರಥ ಆ ಸದ್ದನ್ನು ಈ ಕೆಲಸದಲ್ಲಿ ನಾಲ್ಕೈದು ಸಲ ಕೇಳಿದ್ದ. ಅದಾದ ಮೇಲೆ ಎದ್ದ ಡಿಸ್ಕನ್ನು ಅವನು ಕಂಡಿರಲಿಲ್ಲ.

"ಮತ್ತ ಏಳ್ತದಾ?" ಎಂದಳು ಗೌಸಿಯಾಬೇಗಂ.

ಕರೆಂಟು ಬಂದ ಮೇಲೆ ನೋಡೋಣ ಎಂದು ಹೇಳಬಹುದಿತ್ತು. ಹಾಗೆ ಹೇಳಿ ಒಂದೂವರೆಯ ಬಸ್ಸು ಹಿಡಿಯಬಹುದಿತ್ತು. ಅಫಜಲಪುರದ ಶಾಲೆಯೊಂದರಲ್ಲಿ ಅವನಿಗಾಗಿ ಕಾಯುತ್ತಿದ್ದರು.

"ಏಳಂಗಿಲ್ಲಕ್ಕ," ಎಂದ.

ದೊಡ್ಡಪ್ಪ ಹೊರಗೆ ಹೋಗಿ ಪ್ರೆಸ್ಸಿನ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕುಳಿತ. ಒಳಗೆ ಬಾಗಿಲಿನ ಬೆಳಕಷ್ಟೇ ಉಳಿಯಿತು. ದಶರಥ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ. ನೂರಾ ಅರವತ್ತೊಂಬತ್ತು ಉಳಿದಿದ್ದವು. ನಲವತ್ತೈದು ಹೋಗಿದ್ದವು. ಸಮಾಧಾನಕ್ಕೆ ಅದನ್ನು ಹೇಳಬೇಕೆಂದು ತಲೆಯೆತ್ತಿದವನು ಅವಳ ಮುಖ ನೋಡಿ ಬೇರೇನನ್ನೋ ಕೇಳಿದ.

"ಮುಂದಿಂದು ಹೆಂಗ ಸುರು ಆಗ್ತದಕ್ಕ? ನೂರಾ ಎಪ್ಪತ್ತೊಂದು?"

ಅವಳ ಬಾಯಿಗೆ ಅದು ಬರಲಿಲ್ಲ. ತಾನು ಅವನ್ನು ಬಾಯಿಪಾಠ ಮಾಡಿದವಳೇ ಅಲ್ಲ ಎಂದಳು. ಮಾಸ್ತರರು ಹಾಡುತ್ತಿದ್ದರು, ಕಿವಿಗೆ ಬಿದ್ದದ್ದು ನೇರ ಕೈಗೆ ಇಳಿಯುತ್ತಿತ್ತು, ಬಾಯಿಯ ದಾರಿ ಅದಕ್ಕೆ ಗೊತ್ತೇ ಇಲ್ಲ. ಮೊಳೆ ಜೋಡಿಸುವ ಕಾಲದಿಂದಲೂ ತನ್ನದು ಹಾಗೇ ಎಂದಳು.

ಹೇಳುತ್ತ ಹೇಳುತ್ತ ಅವಳ ಕೈಗಳು ಮಡಿಲಿನಿಂದ ಎದ್ದು ಕೀಬೋರ್ಡಿನ ಮೇಲೆ ಬಂದು ಕುಳಿತಿದ್ದವು. ಕಣ್ಣು ಮುಚ್ಚಿದ್ದಳು. ತಲೆ ಸ್ವಲ್ಪ ಬಲಕ್ಕೆ, ಸ್ಟೂಲಿದ್ದ ಕಡೆಗೆ ವಾಲಿತ್ತು. ಹೊರಗೆ ಯಾರೋ ಎತ್ತಿನ ಗಾಡಿಗೆ ದಾರಿ ಕೇಳುತ್ತಿದ್ದರು. ಆಮೇಲೆ ಒಂದು ಬೆರಳು ಇಳಿಯಿತು. ಮತ್ತೊಂದು ಇಳಿಯಿತು. ಕರೆಂಟಿಲ್ಲದ ಕೀಬೋರ್ಡು ಕಟ ಕಟ ಎಂದು ಸದ್ದು ಮಾಡತೊಡಗಿತು. ಬೆರಳು ಒತ್ತಿದ ಮೇಲೆ ಅವಳ ತುಟಿಗಳು ಅಲುಗಿದವು.

"ಬೀಸೂವ ಕಲ್ಲೀಗಿ ಹಸಿವಿಲ್ಲ ಕೇಳವ್ವ..."

ದಶರಥ ಸುತ್ತ ನೋಡಿದ. ಕೈಗೆಟಕುವ ಕಾಗದಗಳೆಲ್ಲ ಆಗಲೇ ಅಚ್ಚಾಗಿದ್ದವು. ಹೊಸ ಡಿಸ್ಕು ಬಂದಿದ್ದ ರಟ್ಟಿನ ಡಬ್ಬಿಯನ್ನು ಸದ್ದಾಗದಂತೆ ಹರಿದು ಬಿಡಿಸಿ, ಅದರ ಒಳಮೈಯನ್ನು ಮೇಲೆ ಮಾಡಿ, ಪ್ರೂಫು ತಿದ್ದುವ ಪೆನ್ಸಿಲ್ಲು ತೆಗೆದುಕೊಂಡು ಸ್ಟೂಲಿನ ಮೇಲೆ ಕುಳಿತ. ಮೊದಲ ಸಾಲು ಬರೆದ.

"ಬೀಸೀದ ಕೈಗಿ ಹಿಟ್ಟಿಲ್ಲ..."

ಅದನ್ನೂ ಬರೆದ.

"ಸಾವಕಾಶ ಹೇಳ್ರಿ ಅಕ್ಕ," ಎಂದ. "ನಂದೇನು ಗಡಿಬಿಡಿ ಇಲ್ಲ."

ಅವಳು ಕಣ್ಣು ತೆರೆಯಲಿಲ್ಲ. ಮೂರನೆಯ ಸಾಲಿಗೆ ಎಡಗೈಯ ಕಿರುಬೆರಳು ಒಂದು ಅಕ್ಷರದ ಮೇಲೆ ಬಂದು, ಒತ್ತದೆ, ಹಾಗೇ ನಿಂತಿತು. ದಶರಥ ಪೆನ್ಸಿಲ್ಲಿನ ಮೊನೆಯನ್ನು ರಟ್ಟಿನ ಮೇಲೆ ಊರಿಕೊಂಡು ಆ ಬೆರಳನ್ನೇ ನೋಡುತ್ತ ಕುಳಿತ.